ಬಸ್ಸಿಲ್ಲದ ಕಾದಂಬರಿ

13 ನವೆಂಬರ್ 2007, ಮಂಗಳವಾರ. ಬೆಳಿಗ್ಗೆ 10

ರೆಸ್ಟ್. ಬಕೆಟ್ಟಿನ ಬಿಸಿನೀರಿನಲ್ಲಿ ಕಾಲಿಟ್ಟುಕೊಂಡು ಬರೆಯುತ್ತಿದ್ದೇನೆ. ಕಂಡಕ್ಟರ್ ಕೆಲಸ, ಒಂದು ದಿನ ಡ್ಯೂಟಿ, ಒಂದು ದಿನ ರೆಸ್ಟ್. ಹೊಸೂರಿಂದ ಅಂಚೆಟ್ಟಿಗೆ ಮೂರು ಸಲ ಹೋಗಿ ಮೂರು ಸಲ ಬಂದರೆ ಪಾದ ಪೂರಿಯ ಹಾಗೆ ಊದುತ್ತದೆ. ರೇಷನ್ ಅಂಗಡಿಗೆ ಸೀಮೆಎಣ್ಣೆ ಬಂದಿದೆ ಎಂದು ಲಕ್ಷ್ಮೀದೇವಿ ಎರಡು ಸಲ ಹೇಳಿ ಹೋದಳು. ಕೇಳಿಸದವನ ಹಾಗೆ ಕೂತಿದ್ದೇನೆ.

ನಿನ್ನೆಯದು ಬರೆದಿಡಬೇಕು. ಶನಿವಾರ ಕೆಲಮಂಗಲದಲ್ಲಿ ಚೆಕಿಂಗ್ ಇನ್‌ಸ್ಪೆಕ್ಟರ್ ಹತ್ತಿದ್ದ. ಅಣ್ಣನ ಸ್ಕೂಲ್ ಪಾಸಿನಲ್ಲಿ ಹೋಗುತ್ತಿದ್ದ ಒಬ್ಬ ಹುಡುಗನನ್ನು ಹಿಡಿದ. ಮೆಮೊ ನನಗೆ. "ಫೋಟೋ ಪಾಕ್ಕ ಮಾಟ್ಟಿಯಾ?" ಫೋಟೋ ನೋಡುವುದಿಲ್ಲವಾ ಎಂದು ಎಲ್ಲರೆದುರು ತಮಿಳಿನಲ್ಲಿ ಬೈದ. ಇಪ್ಪತ್ತೊಂದು ವರ್ಷದ ಸರ್ವೀಸಿನಲ್ಲಿ ಮೊದಲ ಮೆಮೊ. ಹಾಗಾಗಿ ನಿನ್ನೆ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡಿದ್ದೆ.

ಸಂಜೆ ಟ್ರಿಪ್. ದೇಂಕಣಿಕೋಟೆ ದಾಟಿ ಕಾಡು ಶುರುವಾಗಿತ್ತು. ಹಿಂದಿನ ಸೀಟಿನಲ್ಲಿ ಒಬ್ಬಳು ಹುಡುಗಿ, ಹತ್ತನೇ ಕ್ಲಾಸು, ದಿನಾ ಹುಣಸೇಮರದ ಸ್ಟಾಪಿನಲ್ಲಿ ಇಳಿಯುವವಳು. ಪಾಸಿನ ಮೇಲೆ ಮುನಿರತ್ನ ಎಂದು ಹೆಸರಿದೆ. ಫೋಟೋ ಇರಬೇಕಾದ ಕಡೆ ಬೆಳ್ಳಗೆ ಒಂದು ಮಚ್ಚೆ, ಅಷ್ಟೇ.

"ಯಾರ ಪಾಸಮ್ಮ ಇದು?"

"ನಂದೇ ಸಾರ್. ಮಳೇಲಿ ನೆಂದೋಯ್ತು. ಬೇರೆ ಫೋಟೋ ತಗ್ಸಿವ್ನಿ, ಬ್ಯಾಗಲ್ಲೈತೆ. ನಾಳೆ ಹೆಚ್ಚೆಮ್ಮು ಸೀಲ್ ಹಾಕ್ಕೊಡ್ತಾರೆ."

ಹುಡುಕಿದಳು. ಇನ್ನೂ ಹುಡುಕಿದಳು. ಬುಕ್ಕು, ಡಬ್ಬಿ, ಜಾಮಿಟ್ರಿ ಬಾಕ್ಸು ಎಲ್ಲ ಸೀಟಿನ ಮೇಲೆ ಹರಡಿದಳು. ಬಸ್ಸಿಗೆ ಬಸ್ಸೇ ತಿರುಗಿ ನೋಡುತ್ತಿತ್ತು. ನಾಟಕ ಸಾಕು ಎಂದೆ. ಗಟ್ಟಿಯಾಗಿಯೇ ಎಂದೆ. ಫಾರೆಸ್ಟ್ ಚೆಕ್‌ಪೋಸ್ಟಿನಲ್ಲಿ ಒಂದು ಸೀಟಿ ಊದಿ ಇಳಿಸಿದೆ. ಅಲ್ಲಿಂದ ಹುಣಸೇಮರ ಮೂರು ಕಿಲೋಮೀಟರು.

ಸೊಪ್ಪಿನ ಬುಟ್ಟಿಯ ಮುನಿವೆಂಕಟಮ್ಮ ಸುಮ್ಮನಿರಲಿಲ್ಲ. "ವತ್ತು ಮುಳುಗೋ ಟೈಮು, ಹೆಣ್ಮಗ ಕಣಪ್ಪ, ಬುಟ್ಬುಡು" ಅಂದಳು. ನಿಮ್ಮ ಬುಟ್ಟಿ ನೋಡಿಕೊಳ್ಳಿ ಅಂದೆ. ರೂಲ್ಸು ಅಂದರೆ ರೂಲ್ಸು. ನನಗೂ ಮೇಲೆ ಒಬ್ಬರಿದ್ದಾರೆ.

ಅಂಚೆಟ್ಟಿಯಲ್ಲಿ ಸೀಟಿನ ಕೆಳಗೆ ನೋಡಿದರೆ ಒಂದು ಪುಸ್ತಕ. ಕನ್ನಡ. ರಟ್ಟು ಇಲ್ಲ, ಹೆಸರಿಲ್ಲ, ಬರೆದವರು ಯಾರೋ ಗೊತ್ತಿಲ್ಲ. ಹದಿನೇಳನೇ ಪುಟದಿಂದ ಶುರು. ಸಿಕ್ಕಿದ ಸಾಮಾನು ಡಿಪೋದಲ್ಲಿ ಕೊಟ್ಟು ರಿಜಿಸ್ಟರಿನಲ್ಲಿ ಬರೆಸಬೇಕು. ಮರೆತು ಬ್ಯಾಗಿನಲ್ಲೇ ಮನೆಗೆ ಬಂದಿದೆ.

ಅದೇ ದಿನ, ಮಧ್ಯಾಹ್ನ 3

ಸೀಮೆಎಣ್ಣೆ ತಂದೆ. ಎರಡು ನಿಮಿಷ ನೋಡೋಣ ಅಂತ ಪುಸ್ತಕ ತೆಗೆದದ್ದು ಊಟಕ್ಕೆ ಮುಂಚೆ. ಅನ್ನ ತಟ್ಟೆಯಲ್ಲೇ ತಣ್ಣಗಾಯಿತು.

ಹದಿನೇಳನೇ ಪುಟದ ಮೊದಲ ಸಾಲುಗಳನ್ನು ಇಲ್ಲಿ ಬರೆದಿಡುತ್ತೇನೆ. "ಎಲ್ಲರೂ ನಗುತ್ತಾರೆ. ಒಂದು ಕ್ಷಣ ತಡವಾಗಿ ನಾನೂ ನಗುತ್ತೇನೆ. ಯಾಕೆ ನಕ್ಕರು ಎಂದು ನನಗೆ ಗೊತ್ತಿಲ್ಲ ಎಂಬುದು ಅವರಿಗೆ ಗೊತ್ತಾಗಬಾರದು."

ಪುಸ್ತಕ ಮುಚ್ಚಿ ಗೋಡೆ ನೋಡಿದೆ. ಇದನ್ನು ಇವರಿಗೆ ಹೇಳಿದವರು ಯಾರು?

1978. ಕೃಷ್ಣಗಿರಿ ಹಾಸ್ಟೆಲ್. ನನಗೆ ಹದಿನಾಲ್ಕು. ಊರಿನಲ್ಲಿ ಕನ್ನಡ, ಅಲ್ಲಿ ಪೂರ್ತಿ ತಮಿಳು. ಊಟದ ಸಾಲಿನಲ್ಲಿ ಯಾರೋ ಏನೋ ಹೇಳುತ್ತಾರೆ, ನಲವತ್ತು ಹುಡುಗರು ಗೊಳ್ಳೆನ್ನುತ್ತಾರೆ. ನಾನು ಅವರ ಮುಖ ನೋಡಿ, ಒಂದು ಕ್ಷಣ ಬಿಟ್ಟು, ಹಲ್ಲು ಬಿಡುತ್ತಿದ್ದೆ. ಎಷ್ಟೋ ಸಲ ನಗು ನನ್ನ ಮೇಲೇ ಇರುತ್ತಿತ್ತು. ಅದಕ್ಕೂ ನಗುತ್ತಿದ್ದೆ. ಇದನ್ನು ಕಟ್ಟಿಕೊಂಡ ಹೆಂಡತಿ ಲಕ್ಷ್ಮೀದೇವಿಗೂ ಹೇಳಿಲ್ಲ. ನನಗೆ ನಾನೇ ಹೇಳಿಕೊಂಡಿರಲಿಲ್ಲ. ಗುರುತು ಪರಿಚಯವಿಲ್ಲದ ಯಾರೋ ಅಚ್ಚು ಹಾಕಿಸಿಬಿಟ್ಟಿದ್ದಾರೆ.

14 ನವೆಂಬರ್, ಬುಧವಾರ. ಅಂಚೆಟ್ಟಿ, 12.45

ಬೆಳಿಗ್ಗೆ ಹುಣಸೇಮರದಲ್ಲಿ ಆ ಹುಡುಗಿ ಇರಲಿಲ್ಲ. ಒಳ್ಳೆಯದೇ ಆಯಿತು. ಮೊದಲು ಫೋಟೋ ಅಂಟಿಸಲಿ.

ಕಥೆ ಹೀಗಿದೆ. ಹದಿನೈದು ವರ್ಷದ ಹುಡುಗ. ಅಪ್ಪನಿಗೆ ಅರಳೆ ಮಿಲ್ಲಿನಲ್ಲಿ ಕೆಲಸ ಸಿಕ್ಕಿ ದೂರದ ರೈಲ್ವೆ ಊರಿಗೆ ಬಂದಿದ್ದಾರೆ. ಹುಡುಗನ ಮಾತು ಬೇರೆ, ಊಟ ಬೇರೆ, ತಲೆ ಬಾಚುವುದೂ ಬೇರೆ. ಬಂದು ಮೂರು ವರ್ಷವಾದರೂ ಕ್ಲಾಸಿನಲ್ಲಿ ಎಲ್ಲರೂ "ಹೊಸಬ" ಎಂದೇ ಕರೆಯುತ್ತಾರೆ. ಅವನ ನಿಜವಾದ ಹೆಸರು ಹರಿದುಹೋದ ಹದಿನಾರು ಪುಟದಲ್ಲಿ ಇರಬೇಕು. ಏನೂ ನಡೆಯುವುದಿಲ್ಲ. ಹುಡುಗ ನೀರು ಕುಡಿಯಲು ನಲ್ಲಿಯ ಹತ್ತಿರ ಹೋಗುತ್ತಾನೆ, ಅಲ್ಲಿ ಗುಂಪಿದೆ ಎಂದು ಬಾಯಾರಿಕೆ ಇಲ್ಲದವನ ಹಾಗೆ ಹಿಂತಿರುಗುತ್ತಾನೆ. ಅಷ್ಟೇ. ಅದಕ್ಕೇ ನನ್ನ ಗಂಟಲು ಒಣಗಿತು.

ಒಂದೇ ತಕರಾರು. ಐವತ್ತು ಪುಟವಾಯಿತು, ಒಂದು ಬಸ್ಸೂ ಬರಲಿಲ್ಲ. ಹುಡುಗ ನಡೆಯುತ್ತಾನೆ, ಸೈಕಲ್ ತುಳಿಯುತ್ತಾನೆ, ಎತ್ತಿನ ಗಾಡಿ ಹತ್ತುತ್ತಾನೆ, ಸೇತುವೆ ಮೇಲೆ ನಿಂತು ರೈಲು ಎಣಿಸುತ್ತಾನೆ. ಬರೆದವರಿಗೆ ನಮ್ಮ ಮೇಲೆ ಏನು ಕೋಪವೋ.

16 ನವೆಂಬರ್, ಶುಕ್ರವಾರ. ಅಂಚೆಟ್ಟಿ, 12.40

ಇವತ್ತೂ ಇರಲಿಲ್ಲ.

ಡ್ರೈವರ್ ಕದಿರಪ್ಪನಿಗೆ ತಮಾಷೆ. ಹನ್ನೊಂದು ವರ್ಷ ಒಟ್ಟಿಗೆ ಓಡಿಸಿದ್ದೇವೆ, ನಾನು ಓದುವುದನ್ನು ಅವನು ನೋಡಿದ್ದು ಈಗಲೇ. "ಏನ್ಲಾ ಹರಿ, ಎಸ್ಸೆಸ್ಸೆಲ್ಸಿ ಪರೀಕ್ಷೆ ಕಟ್ಟಿದ್ದೀಯಾ? ಮುದ್ದೆ ಆರೋಯ್ತದೆ, ತಿನ್ಲಾ" ಅನ್ನುತ್ತಾನೆ. ಮುದ್ದೆ ಆರಿತು. ಹೊಂಗೆ ಮರದ ಕೆಳಗೆ ಕೂತು ಓದಿದೆ.

ಡ್ರಾಯಿಂಗ್ ಮೇಷ್ಟ್ರು ಪ್ರಾರ್ಥನೆಯ ಸಾಲಿನಲ್ಲಿ, ಇಡೀ ಸ್ಕೂಲಿನ ಎದುರು, ಕೈವಾರ ಕದ್ದವನು ನೀನೇ ಎಂದು ಹೊಸಬನ ಜೇಬು ಮಗುಚಿಸುತ್ತಾರೆ. ಜೇಬಿನಲ್ಲಿ ಹುರಿಗಡಲೆ ಮಾತ್ರ. ಕೈವಾರ ಮೇಷ್ಟ್ರ ಡ್ರಾಯರಿನಲ್ಲೇ ಸಿಗುತ್ತದೆ. ಮೇಷ್ಟ್ರು ಕೆಟ್ಟವರಲ್ಲ. ಸಂಜೆ ಅವನನ್ನು ಮೆಟ್ಟಿಲ ಸಂದಿಗೆ ಕರೆದು ಮೆತ್ತಗೆ ತಪ್ಪಾಯಿತಪ್ಪ ಎನ್ನುತ್ತಾರೆ. ಪುಸ್ತಕ ಹೇಳುತ್ತದೆ: "ಬೈದದ್ದು ಬಯಲಲ್ಲಿ. ತಪ್ಪಾಯಿತು ಎಂದದ್ದು ಸಂದಿಯಲ್ಲಿ."

ಈ ಸಾಲಿನ ಕೆಳಗೆ ಯಾರೋ ಪೆನ್ಸಿಲಿನಲ್ಲಿ ಗೆರೆ ಎಳೆದಿದ್ದಾರೆ. ಎರಡು ಗೆರೆ. ಪೇಪರು ಹರಿಯುವಷ್ಟು ಒತ್ತಿ.

ಆ ಮೇಷ್ಟ್ರ ಮೇಲೆ ಎಷ್ಟು ಸಿಟ್ಟು ಬಂತೆಂದರೆ, ರಿಟರ್ನ್ ಟ್ರಿಪ್ಪಿನಲ್ಲಿ ಯಾರಿಗೋ ಟಿಕೆಟ್ ಕೊಡದೆ ಮುಂದೆ ಹೋಗಿಬಿಟ್ಟೆನಂತೆ. ಅವರೇ ಕರೆದು ತೆಗೆದುಕೊಂಡರು.

18 ನವೆಂಬರ್, ಭಾನುವಾರ. ಅಂಚೆಟ್ಟಿ, 12.50

ಮುದ್ದೆ ಮುಟ್ಟದೆ ಬರೆಯುತ್ತಿದ್ದೇನೆ. ಅಕ್ಷರ ಸರಿ ಬರುತ್ತಿಲ್ಲ.

ನೂರಾ ಹನ್ನೆರಡನೇ ಪುಟ ತಿರುವಿದೆ. ಎರಡು ಪಾಸ್‌ಪೋರ್ಟ್ ಫೋಟೋ ಬಿದ್ದವು. ಎರಡು ಜಡೆ, ಎಣ್ಣೆ ಹಾಕಿ ಬಿಗಿದದ್ದು. ನೆಟ್ಟಗೆ ನೋಡುವ ಕಣ್ಣು. ಹಿಂದೆ ಪೆನ್ಸಿಲಿನಲ್ಲಿ ಮುನಿರತ್ನ, 10 ಬಿ.

ಪುಸ್ತಕ ಅವಳದು. ಅವತ್ತು ಹುಡುಕುವಾಗ ಇದೇ ಜಾರಿ ಸೀಟಿನ ಕೆಳಗೆ ಬಿದ್ದಿದೆ. ಇನ್ನೊಂದು ನಿಮಿಷ ಬಿಟ್ಟಿದ್ದರೆ ಬಗ್ಗಿ ನೋಡುತ್ತಿದ್ದಳು. ಬಗ್ಗಿದ್ದರೆ ಸಿಗುತ್ತಿತ್ತು. ನಾನು ಸೀಟಿ ಊದಿದೆ.

ಎರಡು ದಿನದಿಂದ ಮೇಷ್ಟ್ರನ್ನು ಬೈಯುತ್ತಿದ್ದೇನೆ. ಮೇಷ್ಟ್ರಾದರೂ ಸಂಜೆ ಮೆಟ್ಟಿಲ ಸಂದಿಗೆ ಬಂದರು.

20 ನವೆಂಬರ್, ಮಂಗಳವಾರ. ಅಂಚೆಟ್ಟಿ, 12.40

ಹುಣಸೇಮರದಲ್ಲಿ ಕಾದೆ. ಕದಿರಪ್ಪ ಎರಡು ಸಲ ಆಕ್ಸಿಲರೇಟರ್ ಒತ್ತಿ ಕೇಳಿಸಿದ. ಯಾರೂ ಬರಲಿಲ್ಲ.

ಮುನಿವೆಂಕಟಮ್ಮನನ್ನು ಕೇಳಿದೆ. ಮೂತಿ ತಿರುವಿದಳು. "ನನ್ ಬುಟ್ಟಿ ನಾನ್ ನೋಡ್ಕತಿದೀನಪ್ಪ" ಅಂದಳು. ತಗೋ, ಬೇಕಿತ್ತು ನನಗೆ. ಆಮೇಲೆ ಅವಳೇ ಇಳಿಯುವಾಗ ನಿಂತು ಹೇಳಿದಳು. "ರಾಗಿ ಕುಯ್ಲಿಗೆ ಆನೆ ಬಂದವ್ಕಂತೆ ಕಣಪ್ಪ ಮ್ಯಾಕ್ಕೆ. ಆ ಮಗ ಸ್ಕೂಲ್ ಬುಟ್ಲೋ, ಏನ್ಕತೆಯೋ."

ಸ್ಕೂಲು ಬಿಟ್ಟಳೋ. ಹತ್ತನೇ ಕ್ಲಾಸು. ಮುಂದಿನ ತಿಂಗಳು ಅರ್ಧವಾರ್ಷಿಕ, ಮಾರ್ಚಿಗೆ ಪಬ್ಲಿಕ್. ಈ ಕಾಡುಗಳಲ್ಲಿ ಹೆಣ್ಣುಮಕ್ಕಳು ಸ್ಕೂಲು ಬಿಡುವುದಕ್ಕೆ ದೊಡ್ಡ ಕಾರಣ ಬೇಕಿಲ್ಲ. ಒಂದು ದಿನ ಕತ್ತಲಾದ ಮೇಲೆ ಅಳುತ್ತಾ ಮನೆಗೆ ಹೋದರೆ ಸಾಕು. ಆ ಕಾರಣ ನಾನು ಕೊಟ್ಟೆ. ಖಾಕಿ ಹಾಕಿಕೊಂಡು, ಸೀಟಿ ಊದಿ.

ಆದರೂ ಓದುವುದು ನಿಲ್ಲಿಸಲು ಆಗುತ್ತಿಲ್ಲ. ನಾಚಿಕೆ. ಹುಡುಗ ಈಗ ರಾತ್ರಿ ಶಾಲೆಯ ಮುದುಕರಿಗೆ ಕಾಗದ ಬರೆದುಕೊಡುತ್ತಾನೆ. ಅವರ ಮಾತಿನಲ್ಲೇ ಬರೆಯುತ್ತಾನೆ. ಮೂರು ವರ್ಷ ಕೇಳಿಸಿಕೊಂಡೇ ಇದ್ದನಲ್ಲ, ಅದೆಲ್ಲ ಒಳಗೆ ಸೇರಿಕೊಂಡಿದೆ. ಮಾತು ಬಾರದವನು ಎಂದು ನಕ್ಕ ಊರಿನ ಮಾತೆಲ್ಲ ಅವನ ಕೈಯಲ್ಲಿ. ಇಂಥದ್ದನ್ನು ಮನುಷ್ಯರು ಕೂತು ಬರೆಯುತ್ತಾರೆ, ಅದು ಹಳೇ ಪೇಪರ್ ತೂಗುವ ಅಂಗಡಿಗೂ ಹೋಗುತ್ತದೆ, ಬಸ್ಸಿನ ಸೀಟಿನ ಕೆಳಗೂ ಬೀಳುತ್ತದೆ.

22 ನವೆಂಬರ್, ಗುರುವಾರ. ಅಂಚೆಟ್ಟಿ, 12.55

ಕದಿರಪ್ಪನ ಜೊತೆ ಮಾತು ಬಿಟ್ಟೆ.

ನೂರಾ ತೊಂಬತ್ತೆಂಟನೇ ಪುಟ. ಹುಡುಗ ರೈಲ್ವೆ ಪ್ಲಾಟ್‌ಫಾರಂ ಮೇಲೆ. ಕೈಯಲ್ಲಿ ಹಳೆಯ ಊರಿಗೆ ಟಿಕೆಟ್. ರೈಲು ಬರುತ್ತಿದೆ. ಹತ್ತಿದರೆ ಮತ್ತೆ ಬರುವುದಿಲ್ಲ. ಅಷ್ಟರಲ್ಲಿ ಹಿಂದಿನಿಂದ ಯಾರೋ ಕರೆಯುತ್ತಾರೆ, ಹೊಸಬ ಎಂದಲ್ಲ, ಅವನ ಹೆಸರು ಹಿಡಿದು. ಪುಟ ತಿರುವಿದೆ. ಇಲ್ಲ. ಮುಂದೆ ಪುಟವೇ ಇಲ್ಲ. ದಾರ ಮಾತ್ರ ನೇತಾಡುತ್ತಿದೆ.

ಮೊನ್ನೆ ಪುಸ್ತಕವನ್ನು ಎಂಜಿನ್ ಬಾನೆಟ್ಟಿನ ಮೇಲೆ ಇಟ್ಟು ಟಿಕೆಟ್ ಕೊಡಲು ಹೋಗಿದ್ದೆ. ಅಲ್ಲೇ ಕದಿರಪ್ಪನ ವೇಸ್ಟ್ ಪೇಪರಿನ ಕಟ್ಟು. ಆಯಿಲ್ ನೋಡುವ ಕಡ್ಡಿ ಒರೆಸುವುದು, ಗ್ಲಾಸು ಒರೆಸುವುದು, ಎಲ್ಲ ಅದರಲ್ಲೇ.

"ಹರ್ದೋಗಿರೋ ಬುಕ್ಕು, ರಟ್ಟಿಲ್ಲ ಏನಿಲ್ಲ, ಪೇಪರ್ ಕಟ್ಟು ಅಂದ್ಕಂಡೆ ಕಣ್ಲಾ" ಎಂದ.

"ಎಲ್ಲಿ ಹಾಕ್ದೆ?"

"ಆಯಿಲ್ ಆಗಿತ್ತು. ಎಸ್ದೆ."

"ಎಲ್ಲಿ ಎಸ್ದೆ ಹೇಳ್ಲಾ!"

"ಘಾಟಿನಾಗೆ. ಹುಡ್ಕೊಂಡ್ ಹೋಯ್ತೀಯಾ? ಆನೆ ಓದ್ಕತಾ ಕೂತಿರ್ತವೆ, ಈಸ್ಕೊಂಡ್ ಬಾ."

ನಗು ಬರುವ ಮಾತೇ. ನನಗೆ ಅಳು ಬಂತು. ನಲವತ್ತಮೂರು ವರ್ಷದವನು ಅಂಚೆಟ್ಟಿ ಬಸ್‌ಸ್ಟಾಂಡಿನಲ್ಲಿ ಕಣ್ಣೊರೆಸಿಕೊಂಡೆ. ಕದಿರಪ್ಪ ಗಾಬರಿಯಾಗಿ ಟೀ ತರಲು ಹೋಗಿದ್ದಾನೆ.

ಈಗ ಕೊನೆ ಗೊತ್ತಿರುವುದು ಒಬ್ಬಳಿಗೇ.

23 ನವೆಂಬರ್, ಶುಕ್ರವಾರ. ಮಧ್ಯಾಹ್ನ

ರೆಸ್ಟ್. ಮೆಮೊಗೆ ಉತ್ತರ ಕೊಡಲು ಹೊಸೂರು ಸ್ಟಾಂಡಿಗೆ ಹೋಗಿದ್ದೆ. ನಮ್ಮ ಬಸ್ಸು ನಿಂತಿತ್ತು. ನನ್ನ ರೆಸ್ಟಿನ ದಿನ ಅದಕ್ಕೆ ಕಂಡಕ್ಟರ್ ರಾಮಚಂದ್ರಪ್ಪ. ಮಾತಿಗೆ ಮಾತು ಬಂದು ಹುಣಸೇಮರದ ಹುಡುಗಿ ಎಂದೆ.

"ಎರಡು ಜಡೆಯೋಳಾ? ಇವತ್ತು ಬೆಳಿಗ್ಗೆ ಬಂದ್ಲಲ್ಲಪ್ಪ."

"ಇವತ್ತಾ?"

"ಮೊನ್ನೇನೂ ಬಂದಿದ್ಲು. ಅದ್ರ ಮೊದ್ಲೂ ಬಂದಿದ್ಲು. ದಿನಾ ಬತ್ತಾಳಲ್ಲ."

ನಿಂತಲ್ಲೇ ಲೆಕ್ಕ ಹಾಕಿದೆ. ಹದಿನೈದು. ಹದಿನೇಳು. ಹತ್ತೊಂಬತ್ತು. ಇಪ್ಪತ್ತೊಂದು. ಇವತ್ತು ಇಪ್ಪತ್ತಮೂರು. ಎಲ್ಲ ಅವನ ಡ್ಯೂಟಿ. ಹಾಗಾದರೆ ನನ್ನ ಡ್ಯೂಟಿಯ ದಿನ?

"ನಡ್ಕಂಡ್ ಹೋಯ್ತಾಳಂತೆ, ಗುಡ್ಡದ ಮ್ಯಾಲಿಂದ. ಒಂಬತ್ತು ಕಿಲೋಮೀಟ್ರು. ಕಂಡಕ್ಟರ್ ಸರಿಯಿಲ್ಲ ಅಂದ್ಲು. ನಿನ್ನನ್ನೇ ಅಂದಿರ್ಬೇಕು" ಎಂದು ನಕ್ಕ.

ಸ್ಕೂಲು ಬಿಟ್ಟಿಲ್ಲ. ದೇವರೇ. ಸ್ಕೂಲು ಬಿಟ್ಟಿಲ್ಲ. ನನ್ನ ಮುಖ ನೋಡಬಾರದೆಂದು ದಿನ ಬಿಟ್ಟು ದಿನ ಗುಡ್ಡ ಹತ್ತಿ ಇಳಿಯುತ್ತಿದ್ದಾಳೆ. ನನ್ನ ಡ್ಯೂಟಿ ಚಾರ್ಟು ನನಗಿಂತ ಚೆನ್ನಾಗಿ ಅವಳಿಗೆ ಗೊತ್ತಿದೆ. ಎಂಥಾ ಹಠ. ಎಂಥಾ ಹುಡುಗಿ! ಕೃಷ್ಣಗಿರಿಯಲ್ಲಿ ನನಗೆ ಈ ಹಠದ ಕಾಲುಭಾಗ ಇದ್ದಿದ್ದರೆ.

ಆ ಖುಷಿ, ಬಸ್ಸು ನಮ್ಮೂರು ಅವಲಪಲ್ಲಿ ತಲುಪುವವರೆಗೆ ಇತ್ತು. ಮನೆ ಬಾಗಿಲಲ್ಲಿ ನೆನಪಾಯಿತು, ಆ ಗುಡ್ಡದ ಮೇಲೇ ಆನೆ ಬಂದಿರುವುದು. ನಾಳೆ ನನ್ನ ಡ್ಯೂಟಿ.

25 ನವೆಂಬರ್, ಭಾನುವಾರ

ನಿನ್ನೆಯೂ ಹುಣಸೇಮರದಲ್ಲಿ ಅವಳಿರಲಿಲ್ಲ. ಲಕ್ಷ್ಮೀದೇವಿಗೆ ಎಲ್ಲ ಹೇಳಿದೆ. ಅವರೆಕಾಯಿ ಸುಲಿಯುತ್ತಾ ಕೇಳಿದಳು. ಬೇರೆ ರೂಟು ಕೇಳಿ ಹಾಕಿಸಿಕೊಂಡರೆ ಹೇಗೆ ಎಂದೆ. ನಾನಿಲ್ಲದಿದ್ದರೆ ಅವಳು ದಿನಾ ಬಸ್ಸಿನಲ್ಲೇ ಹೋಗುತ್ತಾಳೆ.

"ಆ ಬುಕ್ಕಲ್ಲಿ ಮೇಷ್ಟ್ರು ಟ್ರಾನ್ಸ್‌ಫರ್ ತಗಂಡ್ರಾ?" ಎಂದು ಕೇಳಿದಳು.

ಇಲ್ಲ ಎಂದೆ.

"ಮತ್ತೆ?" ಅಂದಳು. ಸುಲಿದ ಕಾಳು ಎತ್ತಿಕೊಂಡು ಒಳಗೆ ಹೋದಳು.

27 ನವೆಂಬರ್, ಮಂಗಳವಾರ. ಸಂಜೆ

ರೆಸ್ಟಿನ ದಿನ ಟಿಕೆಟ್ ಕೊಂಡು ನನ್ನದೇ ಬಸ್ಸು ಹತ್ತಿದೆ. ಖಾಕಿ ಇಲ್ಲ, ಚೀಲ ಇಲ್ಲ, ಲಕ್ಷ್ಮೀದೇವಿ ಇಸ್ತ್ರಿ ಮಾಡಿದ ಬಿಳಿ ಶರ್ಟು. ಕೈಗಳನ್ನು ಎಲ್ಲಿಟ್ಟುಕೊಳ್ಳಬೇಕೆಂದೇ ತಿಳಿಯಲಿಲ್ಲ. ಸ್ಕೂಲು ಮುಗಿಸಿ ಅವಳು ದೇಂಕಣಿಕೋಟೆಯಲ್ಲಿ ಹತ್ತಿದಳು. ನೋಡಿದ ತಕ್ಷಣ ಗುರುತು ಹಿಡಿದಳು. ಮುಖ ಕಿಟಕಿಗೆ ತಿರುಗಿತು.

ಪಕ್ಕದಲ್ಲಿ ನಿಂತು ಪುಸ್ತಕ ಕೊಟ್ಟೆ, ಫೋಟೋ ಕೊಟ್ಟೆ. ಯಾರಿಗೂ ಕೇಳದ ಹಾಗೆ, ತಪ್ಪಾಯ್ತಮ್ಮ ಎಂದೆ.

ಮೊದಲು ಫೋಟೋ ನೋಡಲಿಲ್ಲ. ಪುಸ್ತಕದ ಕೊನೆ ನೋಡಿದಳು.

"ಕೊನೇ ಪೇಜುಗಳೆಲ್ಲಿ ಸಾರ್?"

ಸುಳ್ಳು ಹೇಳಬಹುದಿತ್ತು. ಆಯಿಲ್ ಕಡ್ಡಿಯ ಕಥೆ ಹೇಳಿದೆ. ನೇತಾಡುವ ದಾರವನ್ನು ಬೆರಳಿಗೆ ಸುತ್ತಿಕೊಂಡಳು. "ಕೆಲಮಂಗಲದ ಸಂತೇಲಿ ಹಳೇ ಪೇಪರ್ ಅಂಗ್ಡೀಲಿ ಸಿಕ್ಕಿದ್ದು. ಇನ್ನೊಂದ್ ಸಿಕ್ಕಲ್ಲ. ಹೆಸ್ರೂ ಗೊತ್ತಿಲ್ಲ, ಯಾರ್ನ ಕೇಳ್ಲಿ?" ಎಂದಳು. ಗೊತ್ತಿದ್ದರೆ ನಾನೇ ಬೆಂಗಳೂರಿಗೆ ಹೋಗಿ ತರುತ್ತಿದ್ದೆ.

"ನೀವ್ ಓದಿದ್ರಾ?" ಎಂದಳು ಆಮೇಲೆ.

"ಪೂರ್ತಿ. ಪ್ಲಾಟ್‌ಫಾರಂ ತಂಕ."

ಆಗ ಸರಿಯಾಗಿ ನನ್ನ ಮುಖ ನೋಡಿದಳು. ಫೋಟೋದಲ್ಲಿ ನೋಡುವ ಹಾಗೇ, ನೆಟ್ಟಗೆ. "ಓದಿದ್ರೆ ನಿಮ್ಗೇ ಗೊತ್ತಿರ್ಬೇಕಲ್ಲ ಸಾರ್. ಬಯಲಲ್ಲಿ ಬೈದ್ರಿ. ಇವಾಗ ಸಂದೀಲಿ ಬಂದು ಹೇಳ್ತಿದ್ದೀರ."

ಹುಣಸೇಮರ ಬಂತು. ನಾಳೆಯಿಂದ ಬಸ್ಸಲ್ಲಿ ಬಾ, ಆನೆ ಇವೆ ಎಂದೆ. ಬ್ಯಾಗು ಹೆಗಲಿಗೇರಿಸಿಕೊಂಡು ಇಳಿದಳು.

28 ನವೆಂಬರ್, ಬುಧವಾರ. ಅಂಚೆಟ್ಟಿ, 12.40

ನಿಧಾನವಾಗಿ ಬರೆಯಬೇಕು. ಒಂದೂ ಬಿಡಬಾರದು.

ಬೆಳಿಗ್ಗೆ 8.10, ಹುಣಸೇಮರ. ಇಲ್ಲ. ಎರಡು ಸೀಟಿ ಊದಿದೆ, ಬಸ್ಸು ಹೊರಟಿತು. ಎರಡನೇ ತಿರುವಿನಲ್ಲಿ ಕದಿರಪ್ಪ ಕೂಗಿದ. "ಹರಿ, ನೋಡ್ಲಾ ಅಲ್ಲಿ!"

ರಸ್ತೆಯ ಅಂಚಿನಲ್ಲಿ ಒಬ್ಬಳೇ. ಬೆನ್ನ ಮೇಲೆ ಬ್ಯಾಗು, ಕೈಯಲ್ಲಿ ಒಂದು ಕೋಲು. ಫಾರೆಸ್ಟಿನವರು ಗುಡ್ಡದ ದಾರಿ ಮುಚ್ಚಿದ್ದಾರೆ, ಅದಕ್ಕೇ ರೋಡಿಗೆ ಬಂದಿದ್ದಾಳೆ. ರಸ್ತೆಯ ಮೇಲೆ ಆನೆ ಲದ್ದಿ ಇನ್ನೂ ಹಸಿ ಇತ್ತು. ಆ ಕೋಲು ಹಿಡಿದುಕೊಂಡು ಆನೆಗೆ ಹೆದರದವಳು ನನಗೆ ಹೆದರುತ್ತಾಳೆಯೇ? ಹೆದರಿಕೆ ಅಲ್ಲ ಅದು.

ಒಂದು ಸೀಟಿ. ಬಸ್ಸು ನಿಂತಿತು. ಅರವತ್ತು ಜನ. ಇಳಿದು ಫುಟ್‌ಬೋರ್ಡಿನ ಪಕ್ಕ ನಿಂತೆ, ಒಳಗಿನವರಿಗೂ ಕೇಳಬೇಕಲ್ಲ.

"ಎಲ್ರೂ ಕೇಳ್ರಿ! ಹನ್ನೆರಡನೇ ತಾರೀಕು ಈ ಹುಡ್ಗೀನ ಇದೇ ಬಸ್ಸಿಂದ ಕಾಡಲ್ಲಿ ಇಳ್ಸಿದ್ದು ನಾನು. ಪಾಸು ಅವಳ್ದೇ. ಫೋಟೋನೂ ಇತ್ತು. ಹುಡ್ಕೋವರ್ಗೂ ಕಾಯೋ ತಾಳ್ಮೆ ನನಗಿರ್ಲಿಲ್ಲ. ನಾಟಕ ಅಂದೆ. ತಪ್ಪು ನಂದು."

ಅವತ್ತು ಬಸ್ಸಿನಲ್ಲಿ ತಮಿಳಿನವರಿದ್ದರು, ತೆಲುಗಿನವರಿದ್ದರು. ಇವತ್ತೂ ಇದ್ದರು. ತಮಿಳಿನಲ್ಲಿ ಇನ್ನೊಂದು ಸಲ ಹೇಳಿದೆ. ತೆಲುಗಿನಲ್ಲಿ ಇನ್ನೊಂದು ಸಲ.

ಅವಳು ನಿಂತು ಕೇಳಿದಳು. ಮುಗಿದ ಮೇಲೆ ತಿರುಗಿ ನಡೆದಳು.

ಏನು ಮಾಡಲಿ? ಹಿಂದೆ ಹೆಜ್ಜೆ ಹಾಕಿದೆ. ಕದಿರಪ್ಪ, ಆ ಪುಣ್ಯಾತ್ಮ, ಯಾರೂ ಹೇಳದೆ ಫಸ್ಟ್ ಗೇರಿನಲ್ಲಿ ಬಸ್ಸು ಬಿಟ್ಟ. ಮುಂದೆ ಅವಳು, ಅವಳ ಹಿಂದೆ ನಾನು, ನನ್ನ ಹಿಂದೆ ಅರವತ್ತು ಜನರ ಬಸ್ಸು, ನಡಿಗೆಯ ಸ್ಪೀಡಿನಲ್ಲಿ. ಹಾರ್ನ್ ಇಲ್ಲ. ಕಾಡು ನಿಶ್ಶಬ್ದವಾಗಿತ್ತು. ಹಾಗೆ ಒಂದು ಫರ್ಲಾಂಗು ಹೋದೆವು. ಇಪ್ಪತ್ತೊಂದು ವರ್ಷದಲ್ಲಿ ಆ ರಸ್ತೆಯನ್ನು ನಾನು ಕಾಲಿನಿಂದ ಮುಟ್ಟಿರಲಿಲ್ಲ. ಎಷ್ಟು ಉದ್ದವಿದೆ ಅದು!

ಕಿಟಕಿಯಿಂದ ಮುನಿವೆಂಕಟಮ್ಮ ತಲೆ ಹಾಕಿದಳು. "ಮೂರು ಭಾಷೇಲಿ ಕೇಳ್ಕಂಡಾಯ್ತು ಕಣಮ್ಮಣ್ಣಿ! ನಾಕ್ನೇದು ಅವನಿಗ್ ಬರಾಕಿಲ್ಲ. ಹತ್ತಮ್ಮ, ನನ್ ಸೊಪ್ಪು ಬಾಡ್ತೈತೆ!"

ಮೊದಲು ನಕ್ಕವಳು ಮುನಿರತ್ನ. ಬಾಯಿಗೆ ಕೈ ಅಡ್ಡ ಹಿಡಿದರೂ ನಿಲ್ಲಲಿಲ್ಲ. ಅವಳು ನಕ್ಕದ್ದು ನೋಡಿ ಬಸ್ಸಿಗೆ ಬಸ್ಸೇ ನಕ್ಕಿತು. ಎಲ್ಲರಾದ ಮೇಲೆ, ಒಂದು ಕ್ಷಣ ತಡವಾಗಿ, ನಾನು.

ಕೋಲು ಬೇಲಿಯ ಮೇಲೆ ಎಸೆದು ಹತ್ತಿದಳು. ಪಾಸು ತೋರಿಸಿದಳು. ಹೊಸ ಫೋಟೋ, ಸೀಲು. ನಿನ್ನೆ ಸಂಜೆ ಕೊಟ್ಟದ್ದನ್ನು ಅಷ್ಟರಲ್ಲಿ ಹೇಗೆ ಸೀಲು ಹಾಕಿಸಿದಳು? ಕೇಳಿದೆ. "ಅವತ್ತೇ ಬೇರೆ ತಗ್ಸಿದ್ದೆ ಸಾರ್. ನಿಮ್ಮನ್ನ ಕಾಯ್ತಾ ಕೂತ್ಕೊಳ್ಳಕ್ಕಾಯ್ತದಾ?"

30 ನವೆಂಬರ್, ಶುಕ್ರವಾರ

ಎರಡನೇ ಮೆಮೊ. ಇಪ್ಪತ್ತೆರಡು ನಿಮಿಷ ಲೇಟು, ಕಾರಣ ತಿಳಿಸಿ. "ಆನೆ ಅಡ್ಡ ಬಂತು ಅಂತ ಬರ್ದಾಕು. ಆನೇನ ಯಾರ್ ಕರ್ದು ಕೇಳ್ತಾರೆ?" ಎಂದ ಕದಿರಪ್ಪ. ಈ ರೂಟಿನಲ್ಲಿ ಯಾರ ಲೇಟಿಗೂ ಆನೆಯೇ ಕಾರಣ. ಪಾಪದ ಪ್ರಾಣಿ. ನಾನು ಇದ್ದದ್ದನ್ನೇ ಬರೆದೆ. ಇಳಿಸಿದ ಪ್ರಯಾಣಿಕರನ್ನು ಹತ್ತಿಸಿಕೊಳ್ಳಲು ತಡವಾಯಿತು.

ಬೆಳಿಗ್ಗೆ 8.10ಕ್ಕೆ ಹುಣಸೇಮರದಲ್ಲಿ ಇದ್ದಳು.

6 ಡಿಸೆಂಬರ್, ಗುರುವಾರ. ಅಂಚೆಟ್ಟಿ, 12.45

ಕೊನೆ ಏನಾಯಿತೆಂದು ದಿನಾ ಕೇಳುತ್ತಿದ್ದೇನೆ. ಹೇಳುವುದಿಲ್ಲ. ಕರೆದವರು ಯಾರು, ಅದಾದರೂ ಹೇಳು ಎಂದೆ. ಅವನ ಹೆಸರೇನು ಎಂದೆ. ಹೆಸರು ಅವಳಿಗೂ ಗೊತ್ತಿಲ್ಲವಂತೆ. ಕೊನೆಯ ಪುಟದಲ್ಲಿ ಕೂಡ "ಹೆಸರು ಹಿಡಿದು ಕರೆದರು" ಎಂದಷ್ಟೇ ಇತ್ತಂತೆ. ಅವಳೇ ಒಂದು ಇಟ್ಟಿದ್ದಾಳಂತೆ. ಅದನ್ನೂ ಹೇಳುವುದಿಲ್ಲ.

"ಬಾಯಲ್ಲಿ ಹೇಳಿದ್ರೆ ಕೆಟ್ಟೋಯ್ತದೆ ಸಾರ್. ಬರೀತಾ ಇವ್ನಿ. ನೆನಪಿರೋದು ಬರೀತೀನಿ. ನೆನಪಿಲ್ದಿರೋ ಕಡೆ ನಾನೇ ಬರ್ಕತೀನಿ."

"ನೀನೇ ಅಂದ್ರೆ?"

"ನಾನೇ ಅಂದ್ರೆ ನಾನೇ." ಇಳಿದು ಹೋದಳು.

12 ಡಿಸೆಂಬರ್, ಬುಧವಾರ. ಅಂಚೆಟ್ಟಿ, 12.40

ಬೆಳಿಗ್ಗೆ ನಾಲ್ಕು ಹಾಳೆ ಕೊಟ್ಟಳು. ಎರಡೂ ಕಡೆ ಬರೆದದ್ದು, ಮಡಚಿ ಪಾಸಿನ ಜೊತೆ ಚಾಚಿದಳು. ಅರ್ಧವಾರ್ಷಿಕ ನಡೆಯುತ್ತಿದೆ, ಇವತ್ತು ಅವಳಿಗೆ ಗಣಿತ. ಚೆನ್ನಾಗಿ ಬರಿ ಎಂದೆ. "ನೀವೂ ಚೆನ್ನಾಗಿ ಓದಿ" ಎಂದಳು. ಹೊಸೂರಿನವರೆಗೆ, ಮತ್ತೆ ಅಲ್ಲಿಂದ ಇಲ್ಲಿಯವರೆಗೆ, ಜೇಬು ಮುಟ್ಟಿ ಮುಟ್ಟಿ ನೋಡಿಕೊಂಡೆ. ಕದಿರಪ್ಪ ಮುದ್ದೆಯನ್ನು ಎಲೆಯಲ್ಲಿ ಮುಚ್ಚಿಟ್ಟಿದ್ದಾನೆ. ಈಗ ಅವನೂ ಕೇಳುತ್ತಾನೆ, ಆ ಹುಡುಗ ಹತ್ತಿದನೋ ಇಲ್ಲವೋ ಎಂದು.

12.55

ಮೂರು ಹಾಳೆ ಓದಿದೆ.

ಹೊಲಿಗೆ ಎಲ್ಲಿದೆ? ಹುಡುಕಿದೆ. ಪುಸ್ತಕ ಬರೆದವರ ಸಾಲು ಯಾವುದು, ಇವಳ ಸಾಲು ಯಾವುದು, ಗೊತ್ತೇ ಆಗುವುದಿಲ್ಲ. ಹಳಿಯ ಕಲ್ಲುಗಳ ಮೇಲೆ ಬಿಸಿಲು ಬಿದ್ದದ್ದು ಯಾರು ಬರೆದದ್ದು? ಟಿಕೆಟ್ ಹಿಡಿದು ಹಿಡಿದು ಬೆವರಿಗೆ ಅದರ ಮೇಲಿನ ಊರಿನ ಹೆಸರು ಅಳಿಸಿಹೋದದ್ದು? ಇದು ಇವಳದ್ದೇ ಇರಬೇಕು. ಅಳಿಸಿದ್ದು ಹೇಗಿರುತ್ತದೆಂದು ಇವಳಿಗೆ ಗೊತ್ತು. ಅಥವಾ ಅವರದ್ದೇ ಏನೋ. ಹದಿನೈದು ವರ್ಷದ ಹುಡುಗಿ. ದಿನಾ ನನ್ನ ಬಸ್ಸಿನ ಹಿಂದಿನ ಸೀಟಿನಲ್ಲಿ ಕೂತಿದ್ದಳು. ನಾನು ಪಾಸು ನೋಡುತ್ತಿದ್ದೆ.

ನಾಲ್ಕನೇ ಹಾಳೆ. ರೈಲು ಹೋಯಿತು. ಹುಡುಗ ಹತ್ತಲಿಲ್ಲ. ಸ್ಟೇಷನ್ನಿನಿಂದ ಹೊರಗೆ ಬಂದು, ರಸ್ತೆಗಿಳಿದು, ಒಬ್ಬನೇ ನಡೆಯುತ್ತಿದ್ದಾನೆ. ಹಿಂದಿನಿಂದ ಏನೋ ನಿಧಾನವಾಗಿ ಬರುವ ಸದ್ದು. ಹಾರ್ನ್ ಇಲ್ಲ. ತಿರುಗಿ ನೋಡಿದ.

ಬಸ್ಸು.

ಇಡೀ ಪುಸ್ತಕದಲ್ಲಿ ಎಲ್ಲೂ ಬರದ ಬಸ್ಸು. ಇದು ಯಾರ ಸಾಲು ಎಂದು ಈಗ ಯಾರನ್ನೂ ಕೇಳಬೇಕಾಗಿಲ್ಲ. ಕಣ್ಣು ಮಂಜಾಗಿ ಅಕ್ಷರ ಕಾಣುತ್ತಿಲ್ಲ. ಒರೆಸಿಕೊಂಡು ನೋಡುತ್ತಿದ್ದೇನೆ.

ಕದಿರಪ್ಪ ಹಾರ್ನ್ ಹೊಡೆಯುತ್ತಿದ್ದಾನೆ. 1.12. ಎರಡು ನಿಮಿಷ ಲೇಟು. ಇನ್ನು ಮೂರೇ ಸಾಲು ಉಳಿದಿದೆ. ಅವನ್ನು ಇಲ್ಲಿ ಇಳಿಸಿಕೊಂಡು ಹೊರಡುತ್ತೇನೆ:

"ಫುಟ್‌ಬೋರ್ಡಿನ ಮೇಲೆ ಕಂಡಕ್ಟರು ನಿಂತಿದ್ದ. ಹುಡುಗ ನಕ್ಕ. ಒಂದು ಕ್ಷಣ ತಡವಾಗಿ ಅವನೂ…"